ಮುಚ್ಚಳ ತೆಗೆದರೂ ಕಂಪ್ಯೂಟರ್ ಬಿಸಿ ಆಗೋದು ಯಾಕೆ?

ಪ್ರಶ್ನೆ: ನಮ್ಮದು ರಸ್ತೆ ಪಕ್ಕದ ಡಿಟಿಪಿ ಅಂಗಡಿ. ಅದಿರು ಲಾರಿಗಳ ಕೆಂಪು ಧೂಳು ದಿನವೂ ಒಳಗೆ ಬರುತ್ತದೆ. ಮಧ್ಯಾಹ್ನದ ಹೊತ್ತು ಕಂಪ್ಯೂಟರ್ ತಾನಾಗೇ ಆಫ್ ಆಗುತ್ತಿತ್ತು ಅಂತ ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಸ್ವಲ್ಪ ದಿನ ಸರಿಹೋಯಿತು, ಈಗ ಮತ್ತೆ ಅದೇ ತೊಂದರೆ. ಮುಂದೆ, ಹಿಂದೆ, ಮೇಲೆ ಒಂದೊಂದು ಫ್ಯಾನ್ ಇದೆ. ಮೇಲೆ ಇನ್ನೊಂದು ಹಾಕಿಸಲಾ?
– ಓದುಗರು, ಹೊಸಪೇಟೆ

ಉತ್ತರ: ಬೇಡ. ಮೊದಲು ಆ ಮುಚ್ಚಳ ಹಾಕಿಬಿಡಿ.

ಟೇಬಲ್ ಫ್ಯಾನ್ ತಂಪು ಮಾಡಿದ್ದು ನಿಜ, ಆದರೆ ಜೊತೆಗೆ ಅಂಗಡಿಯ ಧೂಳನ್ನೂ ನೇರ ಒಳಗೆ ನೂಕಿದೆ, ಆ ಧೂಳು ಪ್ರೊಸೆಸರ್ ಮೇಲೆ ಅದರ ಬಿಸಿ ಎಳೆದುಕೊಳ್ಳಲು ಕೂರಿಸಿರುವ ಹೀಟ್‌ಸಿಂಕ್‌ನ ತಗಡುಗಳ ಸಂದಿಯಲ್ಲಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ದಾಟುವುದಿಲ್ಲ. ಈಗಿನ ಎಷ್ಟೋ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ತಿರ ಬಂದಾಗ ವೇಗ ತಗ್ಗಿಸುತ್ತವೆ, ಆಮೇಲೂ ಬಿಸಿ ಏರಿದರೆ ಕಂಪ್ಯೂಟರ್ ಆಫ್ ಆಗುತ್ತದೆ.

ಇನ್ನು ಫ್ಯಾನ್‌ಗಳ ಲೆಕ್ಕ. ಸಾಮಾನ್ಯವಾಗಿ ಮುಂದಿನದು ಗಾಳಿ ಒಳಗೆಳೆಯುತ್ತದೆ, ಹಿಂದಿನದು ಮತ್ತು ಮೇಲಿನದು ಹೊರಗೆ ಹಾಕುತ್ತವೆ. ಅಂದರೆ ನಿಮ್ಮಲ್ಲಿ ಒಳಗೆ ಬರುವುದು ಒಂದು, ಹೊರಗೆ ಹೋಗುವುದು ಎರಡು. ಕಡಿಮೆ ಬಿದ್ದ ಗಾಳಿಯನ್ನು ಕ್ಯಾಬಿನೆಟ್ ಎಲ್ಲಿಂದಾದರೂ ಎಳೆದುಕೊಳ್ಳಲೇಬೇಕು, ಅಲ್ವಾ? ಮುಚ್ಚಳದ ಸಂದಿ, ಯುಎಸ್‌ಬಿ ತೂತು, ಹಿಂದಿನ ಖಾಲಿ ಸ್ಲಾಟ್, ಎಲ್ಲ ಕಡೆಯಿಂದಲೂ ಸೋಸದ ಗಾಳಿ ನುಗ್ಗುತ್ತದೆ. ಮೇಲೆ ಇನ್ನೊಂದು ಹಾಕಿದರೆ ಇದು ಜಾಸ್ತಿಯೇ ಆಗುತ್ತದೆ. ಹಾಗಾಗಿ ಮೇಲಿನ ಫ್ಯಾನ್ ಬಿಚ್ಚಿ, ಜಾಗ ಇದ್ದರೆ ಮುಂದೆ ಹಾಕಿಸಿ, ಮುಂಭಾಗಕ್ಕೆ ಜಾಲರಿ ಫಿಲ್ಟರ್ ಕೂರಿಸಿ, ಮೇಲೆ ಖಾಲಿಯಾದ ಜಾಗ ಮುಚ್ಚಿ. ಆಗ ಒಳಗಿನ ಗಾಳಿಯೇ ಸಂದಿಗಳಿಂದ ಹೊರಗೆ ಒತ್ತುತ್ತದೆ, ಧೂಳು ಬಹುಪಾಲು ಫಿಲ್ಟರ್‌ನಲ್ಲೇ ನಿಲ್ಲುತ್ತದೆ. ಫ್ಯಾನ್ ಯಾವ ಕಡೆ ಊದುತ್ತದೆ ಅನ್ನೋ ಅನುಮಾನ ಇದ್ದರೆ ಹೊರಗಿನಿಂದ ಟಿಶ್ಯೂ ಚೂರು ಹಿಡಿದು ನೋಡಿ, ಒಳಗೆಳೆಯುವ ಫ್ಯಾನ್ ಆದರೆ ಅಂಟಿಕೊಳ್ಳುತ್ತದೆ.

ಆದರೆ ಇದಕ್ಕೆ ಮೊದಲು ಒಳಗಿನ ಹಳೇ ಧೂಳು ಹೋಗಬೇಕು. ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್ ಅಂಗಡಿಯ ಹೊರಗೆ ತನ್ನಿ. ಮೆತ್ತನೆ ಬ್ರಷ್ ಮತ್ತು ಬ್ಲೋವರ್ ಸಾಕು. ಊದುವಾಗ ಫ್ಯಾನ್ ರೆಕ್ಕೆಗಳನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಕೆಡಬಹುದು. ಒದ್ದೆ ಬಟ್ಟೆ ಬೇಡವೇ ಬೇಡ. ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆಯನ್ನು ಹೊರಗಿನಿಂದಷ್ಟೇ ಊದಿ. ದಯವಿಟ್ಟು ಅದನ್ನು ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಹೀಟ್‌ಸಿಂಕ್ ಬಿಚ್ಚಿದರೆ, ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಲೇಬೇಕು.

ನಿಮ್ಮಂಥ ಜಾಗದಲ್ಲಿ ವಾರಕ್ಕೊಮ್ಮೆ ಫಿಲ್ಟರ್ ನೋಡಿ. ತೊಳೆದರೆ ಪೂರ್ತಿ ಒಣಗಿಸಿ ಹಾಕಿ. ಕ್ಯಾಬಿನೆಟ್ ನೆಲದ ಮೇಲಿದ್ದರೆ ಮೇಜಿನ ಮೇಲಿಡಿ, ಹಿಂಭಾಗ ಗೋಡೆಗೆ ತಾಗದಿರಲಿ. ಇಷ್ಟೆಲ್ಲ ಮಾಡಿ, ಪ್ರೊಸೆಸರ್ ಬಿಸಿ 70–80 ಡಿಗ್ರಿಯಲ್ಲೇ ಇದ್ದರೂ ಆಫ್ ಆಗುತ್ತಿದ್ದರೆ ಎಸ್‌ಎಂಪಿಎಸ್ ಮೇಲೇ ಅನುಮಾನ, ಬೇರೆಯದೊಂದನ್ನು ಹಾಕಿಸಿ ಪರೀಕ್ಷೆ ಮಾಡಿಸಿ.