ಫ್ರೀ ಅಕ್ಕಿ, ಪೌಲನ ಮಾತು, ಜೆಪ್ಪುವಿನ ಹಂಚು

ಹೋದ ಸಂಚಿಕೇಲಿ ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ, ಅದಕ್ಕೆ ಬಂದಿರೋ ಪತ್ರ ನೋಡಿದ್ರೆ ಈ ಸಲ ಬೇರೆ ಪ್ರಶ್ನೆ ತಗೊಳ್ಳೋಕೇ ಜಾಗ ಇಲ್ಲ. ಬೈದವರು, ಹೊಗಳಿದವರು, ನಮ್ಮ ಸಭೆಯವರು ಅಂದ್ರೆ ಚರ್ಚಿನವರು, ಬೇರೆ ಧರ್ಮದವರು ಎಲ್ಲಾ ಇದ್ದಾರೆ. ನಾಲ್ಕು ಪತ್ರ ಆರಿಸಿದ್ದೀನಿ.

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, 30 ಪರ್ಸೆಂಟ್ ಸ್ಲ್ಯಾಬ್‌ನಲ್ಲಿ ಟ್ಯಾಕ್ಸ್ ಕಟ್ತೀನಿ. ದುಡಿಯೋಕೆ ಮನಸ್ಸಿಲ್ಲದವನು ಊಟಾನೂ ಮಾಡಬಾರದು ಅಂತ ಬೈಬಲ್‌ನಲ್ಲಿ ಅಪೊಸ್ತಲ ಪೌಲನೇ ಬರೆದಿದ್ದಾನೆ. ಹಾಗಿದ್ಮೇಲೆ ಫ್ರೀ ಅಕ್ಕಿ, ಫ್ರೀ ಬಸ್ಸು, ತಿಂಗಳಿಗೆ 2,000 ಇದೆಲ್ಲ ದೇವರ ವಾಕ್ಯಕ್ಕೆ ವಿರೋಧ ಅಲ್ವಾ? ಒಬ್ಬ ಕ್ರೈಸ್ತ ಇದನ್ನ ಹೇಗೆ ಸಪೋರ್ಟ್ ಮಾಡ್ತಾನೆ?

ಉತ್ತರ: ತಮ್ಮಾ, ಆ ಮಾತು ಇರೋದು ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದ ಮೂರನೇ ಅಧ್ಯಾಯದಲ್ಲಿ. ಯಾರಿಗೆ ಬರೆದಿದ್ದು ಅಂತ ಸ್ವಲ್ಪ ಹಿಂದೆ ಮುಂದೆ ಓದಿ. ಆ ಸಭೇಲಿ ಕೆಲವರು ಕೈಲಾಗೋ ಕೆಲಸ ಬಿಟ್ಟು, ಬೇರೆಯವರ ವಿಷಯಕ್ಕೆ ತಲೆ ಹಾಕ್ಕೊಂಡು, ಇನ್ನೊಬ್ಬರ ಮನೇಲಿ ಉಂಡ್ಕೊಂಡು ತಿರುಗ್ತಿದ್ರು. ಅವರಿಗೆ ಬಿದ್ದ ಏಟು ಅದು. ಮನಸ್ಸಿಲ್ಲದವನು ಅಂದಿದ್ದಾನೆ, ಕೆಲಸ ಸಿಗದವನು ಅಂದಿಲ್ಲ, ಕೈಲಾಗದವನು ಅಂತಾನೂ ಅಂದಿಲ್ಲ. ಅಷ್ಟೇ ಅಲ್ಲ, ಹೇಳಿದ ಪೌಲ ತಾನು ಡೇರೆ ಹೊಲಿದು ಹೊಟ್ಟೆ ಹೊರೀತಿದ್ದ, ರಾತ್ರಿ ಹಗಲು ದುಡಿದು ಯಾರಿಗೂ ಭಾರ ಆಗದ ಹಾಗೆ ಇದ್ದೆ ಅಂತ ಮೊದಲು ತನ್ನ ಲೆಕ್ಕ ಒಪ್ಪಿಸಿ ಆಮೇಲೆ ಬೇರೆಯವರಿಗೆ ಹೇಳಿದ್ದು. ಮೂರು ವಚನ ದಾಟಿದ್ರೆ ಒಳ್ಳೇದು ಮಾಡೋದ್ರಲ್ಲಿ ಬೇಸರ ಪಡಬೇಡಿ ಅಂತಾನೂ ಬರೆದಿದ್ದಾನೆ, ಆದ್ರೆ ಅದನ್ನ ಯಾರೂ ವಾಟ್ಸಾಪ್‌ಗೆ ಹಾಕಲ್ಲ.

ಈಗ ಬೈಬಲ್‌ನ ಮೊದಲ ಭಾಗ, ಹಳೇ ಒಡಂಬಡಿಕೆಗೆ ಬನ್ನಿ. ಯಾಜಕಕಾಂಡ 19ರಲ್ಲಿ ಒಂದು ಕಾನೂನಿದೆ, ಹೊಲ ಕೊಯ್ಯುವಾಗ ಅಂಚಿನ ತನಕ ಕೊಯ್ಯಬೇಡ, ಹಕ್ಕಲು ಆಯ್ಕೋಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು ಅಂತ. ಹಕ್ಕಲು ಅಂದ್ರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಕೊಯ್ಲಾದ ಮೇಲೆ ಗದ್ದೇಲಿ ಉದುರಿ ಉಳಿಯೋ ತೆನೆ. ಇದನ್ನ ನಾನು ಎಷ್ಟು ಸಲ ಓದಿದ್ರೂ ಆಶ್ಚರ್ಯ ಆಗತ್ತೆ, ಯಾಕಂದ್ರೆ ಒಂದೇ ಕಾನೂನು ಎರಡೂ ಕಡೆಯವರನ್ನ ಕಟ್ಟಿಹಾಕತ್ತೆ. ಹೊಲದ ಯಜಮಾನ ಬಿಡಲೇಬೇಕು, ದಯೆ ಬಂದ್ರೆ ಬಿಡು ಇಲ್ಲಾಂದ್ರೆ ಬೇಡ ಅಂತಿಲ್ಲ. ಬಡವಿ ಬಂದು ಬಿಸಿಲಲ್ಲಿ ಬಗ್ಗಿ ತಾನೇ ಆಯ್ಕೋಬೇಕು, ಯಾರೂ ಬೇಯಿಸಿ ಬಡಿಸಲ್ಲ. ರೂತಳು ಅನ್ನೋ ಬಡ ವಿಧವೆ ಬೋವಜ ಅನ್ನೋ ಯಜಮಾನನ ಹೊಲದಲ್ಲಿ ಬೆಳಗ್ಗಿಂದ ಸಾಯಂಕಾಲದ ತನಕ ಆಯ್ದಿದ್ದು ಈ ಕಾನೂನಿನ ಕೆಳಗೇನೇ. ಬೋವಜ ಒಂದು ಹೆಜ್ಜೆ ಮುಂದೆ ಹೋಗಿ, ತೆನೆ ಕಟ್ಟಿನಿಂದ ಬೇಕಂತಲೇ ಸ್ವಲ್ಪ ಎಳೆದು ಬಿಡ್ರೋ ಅಂತ ಆಳುಗಳಿಗೆ ಹೇಳ್ತಾನೆ, ಅದು ಅವನ ದೊಡ್ಡತನ. ಅಂಚು ಬಿಡೋದು ಮಾತ್ರ ದೊಡ್ಡತನ ಅಲ್ಲ, ಅದು ಕಾನೂನು.

ನಿಮ್ಮ ಟ್ಯಾಕ್ಸ್ ವಿಷಯಾನೂ ಹೇಳ್ತೀನಿ. 30 ಪರ್ಸೆಂಟ್ ಸ್ಲ್ಯಾಬ್ ಅಂದ್ರೆ ಪೂರ್ತಿ ಸಂಬಳಕ್ಕೆ 30 ಅಲ್ಲ, ಕೊನೇ ಮೆಟ್ಟಿಲಿಗೆ ಮಾತ್ರ, ಸಾಫ್ಟ್‌ವೇರ್‌ನವರಿಗೆ ನಾನು ಹೇಳಿಕೊಡಬೇಕಾ ಇದನ್ನ. ನೀವು ಕಟ್ಟೋ ಇನ್‌ಕಮ್ ಟ್ಯಾಕ್ಸ್ ಮೊದಲು ಕೇಂದ್ರಕ್ಕೆ ಹೋಗತ್ತೆ, ಅದರಲ್ಲಿ ಒಂದು ಪಾಲು ತಿರುಗಿ ರಾಜ್ಯಕ್ಕೆ ಬರತ್ತೆ. ಗ್ಯಾರಂಟಿ ನಡೆಸೋದು ರಾಜ್ಯ, ಅದರ ಖಜಾನೆಗೆ ಜಿಎಸ್‌ಟಿ, ಪೆಟ್ರೋಲ್ ಮೇಲಿನ ತೆರಿಗೆ, ಮನೆ ಸೈಟು ರಿಜಿಸ್ಟ್ರೇಷನ್ನು, ಅಬಕಾರಿ ಎಲ್ಲಾ ಸೇರತ್ತೆ. ಅಂದ್ರೆ ಗೃಹಲಕ್ಷ್ಮಿಯ ಆ 2,000 ತಗೊಳ್ಳೋ ಹೆಂಗಸು ಪೇಸ್ಟ್ ತಗೊಂಡಾಗ ಅವಳೂ ಜಿಎಸ್‌ಟಿ ಕಟ್ತಾಳೆ, ಅವಳ ಗಂಡ ಕ್ವಾರ್ಟರ್ ಕುಡಿದಾಗ ಅಬಕಾರಿ ತುಂಬ್ತಾನೆ. ಗಂಡನ ಜೇಬಿಂದ ಹೆಂಡದ ಮೂಲಕ ಕಿತ್ಕೊಂಡು ಹೆಂಡತಿ ಅಕೌಂಟಿಗೆ ಹಾಕೋ ಸರ್ಕಾರದ ಬಗ್ಗೆ ನನಗೆ ತಕರಾರಿದೆ, ಆದ್ರೆ ಅದು ನಿಮ್ಮ ತಕರಾರಲ್ಲ.

ಇನ್ನೊಂದು ಮಾತು, ಇದು ಸ್ವಲ್ಪ ಮನೆ ವಿಷಯ. ನಾವು ಮಂಗಳೂರು ಕಡೆಯವರು, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನರಿಗಳು ಕಟ್ಟಿದ ಬಾಸೆಲ್ ಮಿಷನ್ ಸಭೆ. 1834ರಲ್ಲಿ ಆ ಮಿಷನರಿಗಳು ಬಂದಿದ್ದು. ಅವರ ಮಾತು ಕೇಳಿ ಕ್ರೈಸ್ತರಾದವರನ್ನ ಮನೆಯಿಂದ ಹೊರಗೆ ಹಾಕಿದ್ರು, ಎಷ್ಟೋ ಜನರಿಗೆ ಗೇಣಿ ಗದ್ದೆ ಹೋಯ್ತು, ಮನೆತನದ ಪಾಲು ಹೋಯ್ತು. ಕಳ್ಳು ಇಳಿಸ್ತಿದ್ದವರಿಗೆ ಇನ್ನು ಆ ಕಸುಬು ಕೂಡದು ಅಂತ ಮಿಷನ್ನೇ ಹೇಳ್ತು. ಹೊಟ್ಟೆಗೇನು ಮಾಡೋದು? ಊರಲ್ಲಿ ಇವರನ್ನ ಅಕ್ಕಿಗೋಸ್ಕರ ಮತ ಬಿಟ್ಟವರು ಅಂತ ಆಡ್ಕೊಳ್ತಿದ್ರು, ಈ ಮಾತು ನನ್ನ ಅಜ್ಜನ ಕಿವಿಗೂ ಬಿದ್ದಿದೆ, ನನ್ನ ಕಿವಿಗೂ. ಆದ್ದರಿಂದ ಪಡಿತರದ ಕ್ಯೂನಲ್ಲಿ ನಿಂತವನನ್ನ ಬಿಟ್ಟಿ ಅಕ್ಕಿಯವನು ಅಂತ ಒಬ್ಬ ಕನ್ನಡದ ಕ್ರೈಸ್ತ ಅಂದಾಗ ನನಗೆ ನಗು ಬರತ್ತೆ, ಒಂಥರಾ ಸಂಕಟಾನೂ ಆಗತ್ತೆ.

ಮಿಷನ್ನಿನವರು ಆಗ ಏನು ಮಾಡಿದ್ರು? ಬರೀ ಅಕ್ಕಿ ಕೊಟ್ಕೊಂಡು ಕೂತಿದ್ರೆ ಸಭೆ ಸೋಮಾರಿ ಆಗತ್ತೆ ಅನ್ನೋದು ಅವರಿಗೂ ಗೊತ್ತಿತ್ತು. ಪ್ರೆಸ್ಸು ಹಾಕಿದ್ರು, ಮಗ್ಗ ಹಾಕಿದ್ರು, ಹಾಲರ್ ಅನ್ನೋರು ನೇಯ್ಗೆ ಫ್ಯಾಕ್ಟರೀಲಿ ಖಾಕಿ ಬಣ್ಣ ಕಂಡುಹಿಡಿದ್ರು ಅಂತ ನಮ್ಮ ಕಡೆ ಹೆಮ್ಮೆಯಿಂದ ಹೇಳ್ತಾರೆ. 1865ರಲ್ಲಿ ಪ್ಲೆಬ್ಸ್ಟ್ ಅನ್ನೋರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಫ್ಯಾಕ್ಟರಿ ಶುರು ಮಾಡಿದ್ರು, ನೇತ್ರಾವತಿ ಕಡೆ ಸಿಗೋ ಜೇಡಿಮಣ್ಣಿಂದ. ನನ್ನ ಮುತ್ತಜ್ಜ ಅಲ್ಲಿ ಮಣ್ಣು ತುಳಿದವರು. ಕೂಲಿ ಎಣಿಸಿಕೊಂಡು ತಗೊಂಡ ದಿನದಿಂದ ತಲೆ ಎತ್ತಿ ನಡೆದ್ರು ಅಂತ ಅಜ್ಜಿ ಹೇಳೋರು. ಈಗ ನೀವು ಕೇಳೋ ವೈಯಕ್ತಿಕ ಜವಾಬ್ದಾರಿ ಇದೆಯಲ್ಲ, ಅದು ಮುತ್ತಜ್ಜನಿಗೆ ಇತ್ತು ಖಂಡಿತ, ಬೆಳಗ್ಗೆ ಗಂಟೆ ಹೊಡೆಯೋ ಮುಂಚೆ ಹೋಗ್ತಿದ್ರಂತೆ. ಆದ್ರೆ ಆ ಗಂಟೆ ಕಟ್ಟಿದವರು ಬೇರೆ ಯಾರೋ. ಎಲ್ಲಾ ಚೆನ್ನಾಗಿತ್ತು ಅಂತ ಹೇಳ್ತಿಲ್ಲ. ಕೆಲಸ ಕೊಡೋರೂ ಅವರೇ, ಸಭೆ ನಡೆಸೋರೂ ಅವರೇ ಆದಾಗ ಬಡವನಿಗೆ ಬಾಯಿ ಇರಲ್ಲ, ಈ ಕಾರಣಕ್ಕೇ ನನಗೆ ದಾನ ಮಾಡೋ ಸಂಸ್ಥೆಗಿಂತ ಕಾನೂನು ಕೊಡೋ ಹಕ್ಕು ಸ್ವಲ್ಪ ಮೇಲು ಅನ್ಸತ್ತೆ. ಹಕ್ಕಲು ಆಯೋಳು ಯಜಮಾನನ ದೇವರನ್ನ ಹೊಗಳಬೇಕು ಅಂತ ಯಾಜಕಕಾಂಡದಲ್ಲಿ ಇಲ್ಲ.

ಹಾಗಾದ್ರೆ ಗ್ಯಾರಂಟಿ ಎಲ್ಲಾ ಸರೀನಾ ಅಂದ್ರೆ, ಇಲ್ಲ. 2024-25ರ ಬಜೆಟ್‌ನಲ್ಲಿ ಐದಕ್ಕೂ ಸೇರಿ ಸುಮಾರು 52,000 ಕೋಟಿ ಇಟ್ಟಿದ್ರು. ಅಕ್ಕಿಗೆ ನನ್ನ ತಕರಾರಿಲ್ಲ, ಹೆಂಗಸರ ಕೈಗೆ ಹೋಗೋ 2,000ಕ್ಕೂ ಇಲ್ಲ, ಬಸ್ಸಲ್ಲಿ ಕೆಲಸಕ್ಕೆ ಹೋಗೋ ಮನೆಗೆಲಸದವರನ್ನ ನೋಡಿದ ಮೇಲೆ ಅದಕ್ಕೂ ಇಲ್ಲ. ಆದ್ರೆ ಕೆಲಸ ಕೊಡೋ ಜೆಪ್ಪುವಿನಂಥ ಫ್ಯಾಕ್ಟರಿ ಎಲ್ಲಿದೆ ಅಂತ ಕೇಳೋದು ನನ್ನ ಹಕ್ಕು. ಯುವನಿಧಿ ಅಂತ ಡಿಗ್ರಿ ಆಗಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ಕೊಡ್ತಾರೆ, ಅದೂ ಎರಡು ವರ್ಷ. ಮೂರನೇ ವರ್ಷ ಆ ಹುಡುಗ ಎಲ್ಲಿಗೆ ಹೋಗ್ಬೇಕು?

ಪ್ರಶ್ನೆ: ಅಂಕಲ್, ನಾನು ಭದ್ರಾವತಿಯವಳು, ಗಂಡ ಇಲ್ಲ, ಟೈಲರಿಂಗ್ ಮಾಡ್ತೀನಿ. ಗೃಹಲಕ್ಷ್ಮಿ ದುಡ್ಡಲ್ಲೂ ದಶಮಾಂಶ, ಅಂದ್ರೆ ಹತ್ತರಲ್ಲಿ ಒಂದು ಪಾಲು ದೇವರಿಗೆ ಕೊಡಬೇಕು, ಇಲ್ಲಾಂದ್ರೆ ದೇವರಿಂದ ಕದ್ದ ಹಾಗೆ ಅಂತ ನಾನು ಹೋಗೋ ಪ್ರಾರ್ಥನಾ ಕೂಟದಲ್ಲಿ ಹೇಳ್ತಾರೆ. 200 ರೂಪಾಯಿ ಕೊಡ್ಲಾ?

ಉತ್ತರ: ಕೊಡಬೇಡಮ್ಮ. ಬೈಬಲ್‌ನ ಧರ್ಮೋಪದೇಶಕಾಂಡ 14ರ ಕೊನೇಲಿ ನೋಡು, ಮೂರನೇ ವರ್ಷದ ದಶಮಾಂಶ ಎಲ್ಲಾ ಊರಲ್ಲೇ ಇಡಬೇಕು, ದೇವರ ಸೇವೆಯ ಲೇವಿಯರು, ಪರದೇಶಿ, ತಂದೆ ಇಲ್ಲದವರು, ವಿಧವೆಯರು ಬಂದು ತೃಪ್ತಿಯಾಗಿ ಉಣ್ಣಬೇಕು ಅಂತಿದೆ. ಅಂದ್ರೆ ಆ ದಶಮಾಂಶ ನಿನಗೆ ಬರಬೇಕಾಗಿದ್ದು, ನಿನ್ನಿಂದ ಹೋಗಬೇಕಾಗಿದ್ದಲ್ಲ. ತನ್ನ ಹತ್ರ ಇದ್ದ ಎರಡೇ ಕಾಸನ್ನೂ ಕಾಣಿಕೆ ಪೆಟ್ಟಿಗೆಗೆ ಹಾಕಿದ ವಿಧವೆ ಕಥೆ ಹೇಳಿ ಹೆದರಿಸಿದ್ರೆ, ಅದರ ಮುಂಚಿನ ವಚನ ಓದೋಕೆ ಹೇಳು, ವಿಧವೆಯರ ಮನೆ ನುಂಗೋ ಶಾಸ್ತ್ರಿಗಳ ಬಗ್ಗೆ ಯೇಸು ಏನಂದ ಅಂತ ಅಲ್ಲೇ ಇದೆ. ನಿನಗೇ ಸಂತೋಷ ಆಗಿ ಹತ್ತು ರೂಪಾಯಿ ಕಾಣಿಕೆ ಹಾಕಿದ್ರೆ ಅದು ಬೇರೆ, ಅದನ್ನ ಯಾರೂ ತಡೆಯಲ್ಲ. ಉಳಿದಿದ್ರಲ್ಲಿ ನಿನ್ನ ಹೊಲಿಗೆ ಮಿಷನ್ನಿಗೆ ಹೊಸ ಮೋಟಾರ್ ಹಾಕಿಸ್ಕೋ.

ಪ್ರಶ್ನೆ: ನಮಸ್ಕಾರ, ನಾನು ಹಾವೇರಿ ಕಡೆಯವನು, ಕ್ರೈಸ್ತನಲ್ಲ, ನಿಮ್ಮ ಅಂಕಣ ಓದ್ತೀನಿ. ಸಾಲಮನ್ನಾ ಬೈಬಲ್‌ನಲ್ಲೇ ಇದೆ ಅಂತ ಫ್ರೆಂಡ್ ಹೇಳಿದ. ನೀವು ಸಹಕಾರಿ ಬ್ಯಾಂಕಲ್ಲಿ ಇದ್ದವರು, ನಿಮ್ಮ ಅಭಿಪ್ರಾಯ?

ಉತ್ತರ: ಇದೆ. ಏಳು ವರ್ಷಕ್ಕೊಮ್ಮೆ ಸಾಲ ಬಿಟ್ಟುಬಿಡಬೇಕು ಅಂತ ಧರ್ಮೋಪದೇಶಕಾಂಡ 15ರಲ್ಲಿದೆ. ಆದ್ರೆ ನನ್ನಂಥ ಬ್ಯಾಂಕಿನವನಿಗೆ ಅದರ ಮುಂದಿನ ಮಾತೇ ರುಚಿ, ಏಳನೇ ವರ್ಷ ಹತ್ರ ಬಂತು ಅಂತ ಬಡವನಿಗೆ ಸಾಲ ಕೊಡದೆ ಕೈ ಮುಚ್ಕೋಬೇಡ ಅಂತ ಎಚ್ಚರಿಕೆ ಇದೆ. ಅಂದ್ರೆ ಮನ್ನಾ ಆಗತ್ತೆ ಅಂತ ಗೊತ್ತಾದ್ರೆ ಸಾಲ ಕೊಡೋನು ಹಿಂದೆ ಸರೀತಾನೆ ಅನ್ನೋದು ಆಗಲೇ ಗೊತ್ತಿತ್ತು. ಹಾಗೇ ಆಯ್ತು ಕೂಡ. ಯೇಸುಗಿಂತ ಸ್ವಲ್ಪ ಮುಂಚೆ ಇದ್ದ ಹಿಲ್ಲೇಲ್ ಅನ್ನೋ ಯೆಹೂದಿ ಗುರು, ಜನ ಸಾಲ ಕೊಡೋದನ್ನೇ ನಿಲ್ಲಿಸಿದ್ದು ನೋಡಿ, ಸಾಲದ ಪತ್ರನ ಕೋರ್ಟಿಗೆ ಒಪ್ಪಿಸಿದ್ರೆ ಅದು ಮನ್ನಾ ಆಗಲ್ಲ ಅನ್ನೋ ವ್ಯವಸ್ಥೆ ತಂದ. ಬಡವನಿಗೆ ಸಾಲ ಸಿಗಲಿ ಅಂತ ಬಡವನ ಮನ್ನಾನೇ ಬಿಟ್ಟುಕೊಟ್ಟ. ಅವನು ಮಾಡಿದ್ದು ಸರೀನಾ ತಪ್ಪಾ ಅಂತ ನಾನು ಇನ್ನೂ ಯೋಚಿಸ್ತಾನೇ ಇದ್ದೀನಿ.

ಅಲ್ಲಿ ಮನ್ನಾ ಮಾಡೋ ಭಾರ ಸಾಲ ಕೊಟ್ಟವನದ್ದೇ. ಇಲ್ಲಿ ಸರ್ಕಾರ ಘೋಷಣೆ ಮಾಡತ್ತೆ, ಬ್ಯಾಂಕಿಗೆ ಖಜಾನೆಯಿಂದ ಬರಬೇಕು, ಅದು ಬರೋ ತನಕ ನಮ್ಮ ಹತ್ರ ಹೊಸ ಸಾಲಕ್ಕೆ ದುಡ್ಡಿರಲ್ಲ. 2017ರಲ್ಲಿ ಸಹಕಾರಿ ಬೆಳೆಸಾಲ 50,000 ತನಕ ಮನ್ನಾ ಆಯ್ತು, ಮರುವರ್ಷ ಕುಮಾರಸ್ವಾಮಿಯವರು ಸುಸ್ತಿ ಸಾಲ 2 ಲಕ್ಷದ ತನಕ ಅಂದ್ರು, ನಿಯತ್ತಾಗಿ ಕಟ್ಟಿದವರಿಗೆ 25,000 ತನಕ ಅಂದ್ರು. ಆಗ ಕೌಂಟರ್ ಮುಂದೆ ಒಬ್ಬ ರೈತ ನಿಂತು, ಹೆಂಡತಿ ಸರ ಅಡ ಇಟ್ಟು ಮಾರ್ಚ್‌ನಲ್ಲಿ ಕಟ್ಟಿದ್ನಲ್ಲ ಸ್ವಾಮಿ ನಾನೇನು ಹುಚ್ಚನಾ ಅಂತ ಕೇಳಿದ. ಏನು ಹೇಳ್ತೀರಿ ಅವನಿಗೆ? ನಾನು ಕುಡಿಯೋಕೆ ನೀರು ಕೊಟ್ಟೆ. ಅದೇ ವಾರ ಎರಡು ವರ್ಷ ಮಳೆ ಕೈಕೊಟ್ಟು ನಿಜವಾಗ್ಲೂ ಮುಳುಗಿದ್ದ ಇನ್ನೊಬ್ಬ ಬಂದು ಅತ್ತ, ಅವನು ಉಳಿದಿದ್ದು ಮನ್ನಾದಿಂದಾನೇ. ಇಬ್ಬರೂ ಸತ್ಯ ಹೇಳ್ತಿದ್ರು. ಬರ ಬಿದ್ದ ಕಡೆ ಮನ್ನಾ ಮಾಡ್ಲಿ, ಎಲೆಕ್ಷನ್ ಬಂದ ಕಡೆ ಬೇಡ ಅಂತ ನಾನು ಹೇಳಬಹುದು, ಆದ್ರೆ ಎರಡೂ ಒಟ್ಟಿಗೆ ಬಂದ ವರ್ಷ ಏನ್ಮಾಡೋದು.

ಬೈಬಲ್‌ನಲ್ಲಿ ಇದಕ್ಕಿಂತ ದೊಡ್ಡದು ಐವತ್ತನೇ ವರ್ಷದ ಜೂಬಿಲಿ, ಮಾರಿಹೋದ ಭೂಮಿ ಮೂಲ ಮನೆತನಕ್ಕೆ ವಾಪಸ್. ನಮ್ಮಲ್ಲಿ ಅದರ ನೆರಳು ಬಿದ್ದಿದ್ದು 1974ರಲ್ಲಿ, ದೇವರಾಜ ಅರಸು ಕಾಲದ ಭೂಸುಧಾರಣೆ. ನಮ್ಮ ದಕ್ಷಿಣ ಕನ್ನಡದಲ್ಲಿ ಡಿಕ್ಲರೇಷನ್ ಅನ್ನೋ ಅರ್ಜಿ ಹಾಕಿ ಗೇಣಿ ಗದ್ದೆ ಸ್ವಂತ ಮಾಡ್ಕೊಂಡ ಕ್ರೈಸ್ತರೂ ಇದ್ದಾರೆ, ಅದೇ ಕಾನೂನಲ್ಲಿ ಗದ್ದೆ ಕಳ್ಕೊಂಡ ಕ್ರೈಸ್ತರೂ ಇದ್ದಾರೆ, ಕೆಲವು ಕಡೆ ಇಬ್ಬರೂ ಒಂದೇ ಇಗರ್ಜಿಯ ಬೆಂಚಲ್ಲಿ ಕೂರ್ತಿದ್ರು. ಸಾಲ ಬಿಟ್ರೆ ಹಳೇ ಭಾರ ಇಳಿಯತ್ತೆ ಅಷ್ಟೇ, ಭೂಮಿ ಬಂದ್ರೆ ನಾಳೆ ದುಡಿಯೋಕೆ ಜಾಗ ಸಿಗತ್ತೆ. ನನಗೆ ಎರಡರಲ್ಲಿ ಒಂದು ಆರಿಸು ಅಂದ್ರೆ ಯೋಚನೇನೇ ಬೇಡ.

ಪ್ರಶ್ನೆ: ಇಷ್ಟೆಲ್ಲ ಬರೀತೀರಲ್ಲ ಸಾರ್, ನಿಮ್ಮ ಮನೆ ಕರೆಂಟ್ ಬಿಲ್ ಸೊನ್ನೇನಾ? ನಿಜ ಹೇಳಿ.

ಉತ್ತರ: ಸೊನ್ನೆ. ಗೃಹಜ್ಯೋತಿಗೆ ಅರ್ಜಿ ಹಾಕಿದ್ದು ನಾನೇ. ಪೆನ್ಷನ್ ಬರೋ ಮನೆ, ಇಬ್ಬರೇ ಜನ, ನಮಗೆ ಇದು ಬೇಕಾಗಿರಲಿಲ್ಲ, ಆದ್ರೂ ಹಾಕಿದೆ, ಎಲ್ಲರೂ ಹಾಕ್ತಿದ್ರು. ಮೊದಲ ತಿಂಗಳು ನಮ್ಮವಳು ಈ ದುಡ್ಡು ನಮ್ಮದಲ್ಲ ಅಂದಳು. ಹಳೇ ಬಿಲ್ಲಿನಷ್ಟು ಮೊತ್ತ ತಿಂಗಳು ತಿಂಗಳು ಒಂದು ಡಬ್ಬಿಗೆ ಹಾಕಿ, ಪಕ್ಕದ ಬೀದಿಯ ಒಂದು ಹುಡುಗಿಯ ಪಿಯುಸಿ ಫೀಸಿಗೆ ಕೊಡೋದು ಅಂತ ಮಾಡ್ಕೊಂಡ್ವಿ. ಇಷ್ಟಕ್ಕೇ ನಿಲ್ಲಿಸಿದ್ರೆ ನಾನು ಒಳ್ಳೆಯವನು ಅಂತ ಕಾಣ್ತಿತ್ತು, ಆದ್ರೆ ನೀವು ನಿಜ ಹೇಳಿ ಅಂದ್ರಲ್ಲ. ಮುಂಚೆ ಗೀಸರ್ ಹತ್ತು ನಿಮಿಷಕ್ಕೆ ಆಫ್ ಮಾಡು ಅಂತ ಮನೆಯಲ್ಲಿ ಕಿರುಚ್ತಿದ್ದವನು ನಾನು. ಬಿಲ್ ಸೊನ್ನೆ ಆದ್ಮೇಲೆ ಮರೆಯೋಕೆ ಶುರು ಮಾಡಿದೆ. ಈ ಸ್ಕೀಮಲ್ಲಿ ನಮ್ಮಂಥ ಮನೆಗೆ, ಸ್ಕೀಮ್ ಬರೋ ಹಿಂದಿನ ವರ್ಷದ ಸರಾಸರಿ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಅಷ್ಟು ಮಾತ್ರ ಫ್ರೀ, ದಾಟಿದ್ದಕ್ಕೆ ಕಟ್ಟಬೇಕು. ಹೋದ ಚಳಿಗಾಲದಲ್ಲಿ ದಾಟಿತು, ಬಿಲ್ ಬಂತು. ನಮ್ಮವಳು ಅದನ್ನ ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದಾಳೆ, ಇನ್ನೂ ತೆಗೆದಿಲ್ಲ.