ನೀರಿನ ಜೆಟ್ ಹೊಡೆದು ಚಿನ್ನ ತೆಗೆಯೋಕೆ ಊರವರ ದುಡ್ಡು ಕೇಳಬಹುದಾ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಅಕ್ಕನ ಮಗ ಆರು ವರ್ಷ ದಕ್ಷಿಣ ಅಮೆರಿಕದ ಗಯಾನಾದಲ್ಲಿ ಚಿನ್ನದ ಗಣಿಯೊಂದರ ಪಂಪ್ ಕೆಲಸದಲ್ಲಿದ್ದು ಈಗ ಊರಿಗೆ ಬಂದಿದ್ದಾನೆ. ಅಲ್ಲಿ ನೀರನ್ನು ಜೋರಾಗಿ ಹೊಡೆದು, ಗುಡ್ಡದ ಮಣ್ಣು ಕರಗಿಸಿ ಚಿನ್ನ ತೆಗೆಯುತ್ತಾರಂತೆ. ಹೊನ್ನಾಳಿ ಕಡೆ ನಮ್ಮ ಜಮೀನಿದೆ. ಪಕ್ಕದ ಹಳ್ಳದ ಮರಳಿನಲ್ಲಿ ಚಿನ್ನದ ಕಣ ಸಿಕ್ಕಿತು ಅಂತ ಸಣ್ಣ ಬಾಟಲಿಯಲ್ಲಿ ತಂದು ತೋರಿಸಿದ. 40 ಜನರಿಂದ ತಲಾ 5 ಲಕ್ಷ ಎತ್ತೋಣ, ತಿಂಗಳಿಗೆ ನೂರಕ್ಕೆ ನಾಲ್ಕು ರೂಪಾಯಿ ಕೊಡೋಣ ಅಂತಾನೆ. ‘ಮಾವ, ಸೊಸೈಟಿಯಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ, ನೀವೇ ಕೇಳಿ’ ಅಂತ ಹಟ ಹಿಡಿದಿದ್ದಾನೆ. ಮೂವರು ಆಗಲೇ ತಲಾ 50 ಸಾವಿರ ನಗದು ಕೊಟ್ಟಿದ್ದಾರೆ. ವಾಟ್ಸ್ಆ್ಯಪ್‌ಗೆ ಹಾಕಲು ಕರಪತ್ರವೂ ರೆಡಿ. ಮುಂದೇನು ಮಾಡಲಿ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಆ ಕರಪತ್ರ ಕಳಿಸಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಬಾಟಲಿಯ ವಿಷಯ.

ನಿಮ್ಮ ಅಳಿಯ ಸುಳ್ಳು ಹೇಳುತ್ತಿಲ್ಲ. ಹೊನ್ನಾಳಿ ಸುತ್ತಮುತ್ತ ಚಿನ್ನ ಇರುವುದು ಹೊಸ ಸುದ್ದಿಯೇನಲ್ಲ. ಕುದುರೆಕೊಂಡದ ಕಡೆ ಹಳೆಯ ಗಣಿಯ ಗುಂಡಿಗಳಿವೆ. ಆದರೆ ಅಲ್ಲಿಯ ಚಿನ್ನ ಇರುವುದು ಗಟ್ಟಿ ಬಂಡೆಯೊಳಗೆ, ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಕೋಲಾರ, ಹಟ್ಟಿಯ ಕತೆಯೂ ಅದೇ. ಸಾವಿರಾರು ವರ್ಷಗಳ ಮಳೆಗೆ ಆ ಕಲ್ಲು ಸವೆದು ಉದುರಿದ ಚೂರು ಹಳ್ಳದ ಮರಳಿಗೆ ಸೇರುತ್ತದೆ. ನಮ್ಮ ನಾಡಿನ ಜಲಗಾರರು, ಅಂದರೆ ಮರಳು ತೊಳೆದು ಚಿನ್ನ ಹುಡುಕುವವರು, ಮರಿಗೆ ಅನ್ನುವ ಮರದ ಪಾತ್ರೆ ಹಿಡಿದು ಜಾಲಿಸುತ್ತಿದ್ದದ್ದು ಇದನ್ನೇ. ಅಮ್ಮ ಅಕ್ಕಿ ಜಾಲಿಸಿ ಕಲ್ಲು ತೆಗೆಯುತ್ತಾರಲ್ಲ, ಅದೇ ಲೆಕ್ಕ: ಭಾರದ್ದು ತಳದಲ್ಲಿ ಉಳಿಯುತ್ತದೆ. ಬೆಣಚುಕಲ್ಲು ನೀರಿಗಿಂತ ಎರಡೂವರೆ ಪಟ್ಟು ಭಾರ, ಚಿನ್ನ 19 ಪಟ್ಟು.

ನಿಮ್ಮ ಅಳಿಯ ಹೇಳುವ ವಿಧಾನ ಇದರದ್ದೇ ರಾಕ್ಷಸ ರೂಪ. 1853ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ತೋಟಕ್ಕೆ ನೀರು ಚಿಮ್ಮಿಸುವ ಜೆಟ್ ನೋಡಿದ್ದೀರಲ್ಲ, ಅದನ್ನು ಫಿರಂಗಿಯಷ್ಟು ದೊಡ್ಡದು ಮಾಡಿ ಗುಡ್ಡದ ಕಡೆ ತಿರುಗಿಸಿದ ಹಾಗೆ. ಕರಗಿದ ಕೆಸರು, ನೀರು ಹಾಯಿಸುವ ಅಡಿಕೆ ದಬ್ಬೆಯ ಅಣ್ಣನಂಥ ಉದ್ದ ತೊಟ್ಟಿಯಲ್ಲಿ ಹರಿಯುತ್ತದೆ. ತಳದ ಅಡ್ಡಪಟ್ಟಿಗಳಿಗೆ ಚಿನ್ನ ಸಿಕ್ಕಿಕೊಳ್ಳುತ್ತದೆ. ಸಡಿಲ ಮಣ್ಣು, ಜಲ್ಲಿಗೆ ಮಾತ್ರ ಇದು ನಡೆಯುತ್ತದೆ. ಬೆಣಚುಕಲ್ಲಿಗೆ ಎಷ್ಟು ನೀರು ಹೊಡೆದರೂ ಕಲ್ಲು ತೊಳೆದ ಹಾಗಾಗುತ್ತದೆ, ಅಷ್ಟೇ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬಾಟಲಿಯಲ್ಲಿ ಚಿನ್ನ ಇದೆಯಾ ಅನ್ನುವುದಲ್ಲ. ಎಷ್ಟು ಬುಟ್ಟಿ ಮರಳು ಜಾಲಿಸಿದ್ದಕ್ಕೆ ಅಷ್ಟು ಬಂತು, ಎಷ್ಟು ಕಡೆ ಗುಂಡಿ ತೋಡಿ ನೋಡಿದ್ದು ಅನ್ನುವುದು.

ಸುಮ್ನೆ ಒಂದು ಲೆಕ್ಕ ಹಾಕೋಣ. ದಿನಕ್ಕೆ 100 ಘನ ಮೀಟರ್ ಜಲ್ಲಿ ತೊಳೆಯುತ್ತೀರಿ ಅಂತಿಟ್ಟುಕೊಳ್ಳಿ. ಅಂದರೆ ಹದಿನೆಂಟು, ಇಪ್ಪತ್ತು ಟಿಪ್ಪರ್ ಲೋಡು. ಘನ ಮೀಟರಿಗೆ 0.2 ಗ್ರಾಂ ಚಿನ್ನ ಇದ್ದರೆ ಒಟ್ಟು 20 ಗ್ರಾಂ. ತೀರಾ ಸಣ್ಣ ಕಣ ನೀರಿನ ಜೊತೆ ತೇಲಿಹೋಗುತ್ತದೆ. ನೂರಕ್ಕೆ 60 ಕೈಗೆ ಸಿಕ್ಕಿದರೆ 12 ಗ್ರಾಂ. ಅದರಲ್ಲಿರುವ ಬೆರಕೆ ಕಳೆದರೆ 11 ಗ್ರಾಂ ಹತ್ತಿರ. ಇವತ್ತಿನ ದರ ಹಾಕಿದರೆ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಈಗ 0.2 ತೆಗೆದು 0.05 ಹಾಕಿ. ದಿನಕ್ಕೆ 3 ಗ್ರಾಂ ಕೂಡ ಇಲ್ಲ. 0.2 ಮತ್ತು 0.05ರ ವ್ಯತ್ಯಾಸ ಬಾಟಲಿ ನೋಡಿದ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ 2 ಕೋಟಿ ನಿಂತಿರುವುದು ಅಷ್ಟರ ಮೇಲೆ.

ಇನ್ನು ಖರ್ಚು. ತಿಂಗಳಿಗೆ ನೂರಕ್ಕೆ ನಾಲ್ಕು ಅಂದರೆ 2 ಕೋಟಿಗೆ 8 ಲಕ್ಷ, ವರ್ಷಕ್ಕೆ 96 ಲಕ್ಷ. ಜೊತೆಗೆ ನೀರು. ಒಂದು ಪಾಲು ಜಲ್ಲಿಗೆ ಹತ್ತು ಪಾಲು ನೀರು ಅಂದರೂ ಕಡಿಮೆಯೇ. ಹಾಗೆ ಹಿಡಿದರೂ ದಿನಕ್ಕೆ 10 ಲಕ್ಷ ಲೀಟರ್. ನಮ್ಮ ಹಳ್ಳಗಳ ಬುದ್ಧಿ ನಿಮಗೆ ಗೊತ್ತೇ ಇದೆ. ಆಷಾಢದಲ್ಲಿ ಪಂಪನ್ನೇ ಕೊಚ್ಚಿಕೊಂಡು ಹೋಗುತ್ತವೆ, ಶಿವರಾತ್ರಿ ಕಳೆದ ಮೇಲೆ ಎಮ್ಮೆ ಮೈ ತೊಳೆಯಲೂ ನೀರಿರುವುದಿಲ್ಲ. ವರ್ಷಕ್ಕೆ 150 ದಿನ ಕೆಲಸ ನಡೆದರೆ ದೊಡ್ಡದು. ಆಗ ಬಡ್ಡಿಯೊಂದಕ್ಕೇ ದಿನಕ್ಕೆ 64 ಸಾವಿರ ಬೇಕು. ಡೀಸೆಲ್, ಕೂಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈಗ ಕರಪತ್ರ. ‘ತಿಂಗಳಿಗೆ ಇಷ್ಟು ಕೊಡುತ್ತೇವೆ’ ಅಂತ ಬರೆದ ಕೂಡಲೇ ಅದು ಪಾಲು ಬಂಡವಾಳ ಆಗಿ ಉಳಿಯುವುದಿಲ್ಲ, ಠೇವಣಿಯ ಬಣ್ಣ ಬರುತ್ತದೆ. ಅನುಮತಿ ಇಲ್ಲದ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಹಾಗೆ ದುಡ್ಡು ತೆಗೆದುಕೊಂಡರೆ 2ರಿಂದ 7 ವರ್ಷ ಜೈಲು, 3ರಿಂದ 10 ಲಕ್ಷ ದಂಡ. ದುಡ್ಡು ಇನ್ನೂ ಬಂದಿಲ್ಲ, ಬರೀ ಕೇಳಿದ್ದು ಅಂದರೂ ಪ್ರತ್ಯೇಕ ಶಿಕ್ಷೆ ಇದೆ. ಅಳಿಯನಿಗಾಗಿ ಸೊಸೈಟಿಯಲ್ಲಿ ನಿಂತು ಮಾತಾಡುವವರು ನೀವು. ನಾಳೆ ಜನ ಮೊದಲು ಹುಡುಕಿಕೊಂಡು ಬರುವುದೂ ನಿಮ್ಮ ಮನೆಗೇ.

ಕಾನೂನಿನಂತೆ ಬಂಡವಾಳ ಎತ್ತಲು ದಾರಿ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ಗುರುತಿಸಿದ ಕೆಲವರಿಗೆ ಹೆಸರು ಹಾಕಿ ಆಫರ್ ಪತ್ರ ಕೊಟ್ಟು ಶೇರು ನೀಡಬಹುದು. ವರ್ಷಕ್ಕೆ 200 ಜನ ದಾಟುವಂತಿಲ್ಲ. ನಗದು ಬೇಡ, ದುಡ್ಡು ಬ್ಯಾಂಕಿನ ಪ್ರತ್ಯೇಕ ಖಾತೆಗೇ ಬರಬೇಕು. 60 ದಿನದೊಳಗೆ ಶೇರು ಕೊಡಬೇಕು. ಆಗದಿದ್ದರೆ ನಂತರದ 15 ದಿನದಲ್ಲಿ ವಾಪಸ್, ಅದೂ ತಪ್ಪಿದರೆ ಶೇ 12 ಬಡ್ಡಿ. ಜಾಹೀರಾತು ಹಾಕುವಂತಿಲ್ಲ, ಅಂದರೆ ವಾಟ್ಸ್ಆ್ಯಪ್ ಗುಂಪಿಗೆ ಬಿಡುವ ಕರಪತ್ರದ ಆಸೆ ಬಿಡಿ. ಶೇರು ಕೊಂಡವರಿಗೆ ಲಾಭ ಬಂದರೆ ಪಾಲು, ಇಲ್ಲದಿದ್ದರೆ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಿ. ಹೇಳಿದ ಮೇಲೂ 40 ಜನ ಉಳಿಯುತ್ತಾರಾ ನೋಡಿ.

ಆದರೆ ಕಂಪನಿ ಮಾಡಿದರೂ ತೋರಿಸಲು ನಿಮ್ಮ ಹತ್ತಿರ ಏನಿದೆ? ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಮೀನಿನಲ್ಲಿ ಚಿನ್ನ ತೆಗೆಯುವ ಹಕ್ಕು ಬರುವುದಿಲ್ಲ. ಅದಕ್ಕೆ ಗಣಿ ಗುತ್ತಿಗೆ ಬೇಕು. 2015ರ ತಿದ್ದುಪಡಿಯಿಂದ ಅದು ಹರಾಜಿನಲ್ಲಿ ಸಿಗುತ್ತದೆ. ಹುಡುಕಾಟಕ್ಕೆ ಗುಂಡಿ ತೋಡಲೂ ಪರವಾನಗಿ ಬೇಕು. ಗುತ್ತಿಗೆ ಇಲ್ಲದೆ ತೆಗೆದರೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷದವರೆಗೆ ದಂಡ. ಆಮೇಲೆ ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ. ಕಾಡಿನ ಜಾಗವಾದರೆ ಅದರ ಕಷ್ಟವೇ ಬೇರೆ.

ಕೆಸರಿನ ಮಾತು ಬಿಡುವ ಹಾಗೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸವನ್ನು ನಿಲ್ಲಿಸಿದವರು ಹೊಳೆಯ ಕೆಳಗಿನ ರೈತರು. ಹೊಲದ ಮೇಲೆ ಗಣಿಯ ಹೂಳು ಬಂದು ಕೂತಾಗ ಕೋರ್ಟಿಗೆ ಹೋದರು. 1884ರಲ್ಲಿ ನ್ಯಾಯಾಧೀಶ ಸಾಯರ್ ಹೊಳೆಗೆ ಹೂಳು ಬಿಡುವುದನ್ನು ತಡೆದರು. ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಭದ್ರಾ ಹೊಳೆಗೆ ಹೂಳು ಸೇರುತ್ತದೆ ಅನ್ನುವುದು ಕುದುರೆಮುಖದ ಗಣಿ ವಿರುದ್ಧದ ಹೋರಾಟದ ದೊಡ್ಡ ದೂರಾಗಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಸರ್ಕಾರಿ ಕಂಪನಿಗೇ ಹಾಗಾದರೆ ನಿಮ್ಮ 40 ಜನರ ಕಂಪನಿಯ ಕೆಸರನ್ನು ಕೆಳಗಿನ ತೋಟದವರು ಸುಮ್ಮನೆ ಬಿಡುತ್ತಾರಾ? ನೀವೇ ಕೆಳಗಿನ ತೋಟದವರಾಗಿದ್ದರೆ ಬಿಡುತ್ತಿದ್ದಿರಾ?

ಚಿನ್ನಕ್ಕೆ ದುಡ್ಡು ಎತ್ತುವವರು ಕೋಲಾರದ ಕತೆ ಹೇಳಿಯೇ ಹೇಳುತ್ತಾರೆ. ಮೈಸೂರು ಗಣಿ ಕಂಪನಿಯ ದುಡ್ಡು ಮುಗಿಯುತ್ತಾ ಬಂದಾಗ ಚಾಂಪಿಯನ್ ಅನ್ನುವ ಚಿನ್ನದ ಪದರ ಸಿಕ್ಕಿತು ಅಂತ. ನಿಜವೇ. ಅದೇ 1880ರ ಆಸುಪಾಸಿನಲ್ಲಿ ವಯನಾಡಿನ ಚಿನ್ನ ಅಂತ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಶೇರು ಮಾರಿ ಕೆಲವೇ ವರ್ಷದಲ್ಲಿ ಮುಳುಗಿದವು. ಆ ಕತೆ ಯಾರ ಕರಪತ್ರದಲ್ಲೂ ಇರುವುದಿಲ್ಲ. ನಾನೂ ಹುಡುಗನಾಗಿದ್ದಾಗ ಸ್ನೇಹಿತನ ಕಲ್ಲು ಕ್ವಾರಿಗೆ, ಪರವಾನಗಿ ‘ಮುಂದಿನ ವಾರ ಬರುತ್ತೆ’ ಅನ್ನುವ ಮಾತು ನಂಬಿ ದುಡ್ಡು ಹಾಕಿದ್ದೆ. ಆ ವಾರ ಇನ್ನೂ ಬಂದಿಲ್ಲ.

ನಿಮ್ಮ ಅಳಿಯನ ಕೈಯಲ್ಲಿ ಒಳ್ಳೆಯ ಕಸುಬಿದೆ. ಕೆಸರೆಳೆಯುವ ಪಂಪು ಗೊತ್ತಿರುವವನಿಗೆ ಗುತ್ತಿಗೆ ಇರುವ ಗಣಿಗಳಲ್ಲಿ, ಹೂಳೆತ್ತುವ ಕೆಲಸದಲ್ಲಿ ಜಾಗ ಇದೆ. ಚಿನ್ನವೇ ಬೇಕು ಅಂತ ಹಟವಿದ್ದರೆ ಮೊದಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ್’ ಜಾಲತಾಣದಲ್ಲಿ ಆ ಜಾಗದ ನಕ್ಷೆ, ವರದಿ ತೆಗೆದು ನೋಡಲಿ. ದುಡ್ಡು ಬೇಡ, ತಾಳ್ಮೆ ಬೇಕು. ಅದು ಆಸೆ ಹುಟ್ಟಿಸಿದರೆ ಒಬ್ಬ ಭೂವಿಜ್ಞಾನಿಯ ಶುಲ್ಕದಷ್ಟು ದುಡ್ಡನ್ನು ಮನೆಯವರೇ ಹಾಕಿ. ಹುಡುಕಾಟದ ದುಡ್ಡು ಬೇರೆ, ಗಣಿಯ ದುಡ್ಡು ಬೇರೆ. ಹುಡುಕುವುದಕ್ಕೆ ಹಾಕಿದ್ದು ಹೋಗಿಯೇ ಹೋಗುತ್ತದೆ ಅಂದುಕೊಂಡವರಿಂದ ಮಾತ್ರ ಅದನ್ನು ತೆಗೆದುಕೊಳ್ಳಬೇಕು. ಗುತ್ತಿಗೆ, ಪರೀಕ್ಷೆಯ ವರದಿ ಎರಡೂ ಕೈಯಲ್ಲಿದ್ದರೆ ಗಣಿಯ ದುಡ್ಡು ಕೇಳುವ ಮಾತು. ಅಲ್ಲಿಯವರೆಗೆ ಸೊಸೈಟಿಯಲ್ಲಿ ಅಡಿಕೆ ರೇಟಿನ ವಿಷಯ ಮಾತ್ರ ಮಾತಾಡಿ.

ಆ ಮೂವರ 50 ಸಾವಿರ ಈ ವಾರವೇ ವಾಪಸ್ ಮಾಡಿ. ನಗದಾಗಿ ಬೇಡ. 20 ಸಾವಿರ ಮತ್ತು ಅದಕ್ಕಿಂತ ಹೆಚ್ಚಿನ ಸಾಲ, ಠೇವಣಿಯನ್ನು ನಗದಿನಲ್ಲಿ ತೆಗೆದುಕೊಳ್ಳುವುದೂ ವಾಪಸ್ ಕೊಡುವುದೂ ಆದಾಯ ತೆರಿಗೆ ಕಾನೂನಿನಲ್ಲಿ ತಪ್ಪು. ತೆಗೆದುಕೊಂಡಾಗಲೇ ಒಂದು ಸಲ ತಪ್ಪಿದ್ದೀರಿ. ಅವರ ಖಾತೆಗೆ ಹಾಕಿ, ‘ಪೂರ್ತಿ ಬಂದಿದೆ’ ಅಂತ ಸಹಿ ತೆಗೆದುಕೊಂಡು, ಒಬ್ಬ ಲೆಕ್ಕ ಪರಿಶೋಧಕರಿಗೆ ಕಾಗದ ತೋರಿಸಿ. ಬಾಟಲಿ ನಿಮ್ಮ ಅಳಿಯನ ಹತ್ತಿರವೇ ಇರಲಿ.