ಹೊಸ ಇಸಿಯು ಹಾಕಿಸಿದ ಮೇಲೆ ಜಿಪ್ಸಿಯ ಐಡ್ಲಿಂಗ್ ಏರಿಳಿಯುತ್ತಿದೆ, ಇಸಿಯು ಕೆಟ್ಟಿರಬಹುದೇ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದಿಷ್ಟು: ಗಾಡಿ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಜಿಪ್ಸಿ. ಕಂಪನಿಯ ಇಸಿಯು (ಪೆಟ್ರೋಲ್, ಕಿಡಿ ಎರಡನ್ನೂ ನಿಯಂತ್ರಿಸುವ ಇಂಜಿನ್ ಕಂಪ್ಯೂಟರ್) ತೆಗೆಸಿ, ಲ್ಯಾಪ್‌ಟಾಪ್‌ನಿಂದ ಟ್ಯೂನ್ ಮಾಡುವ ಬೇರೆ ಇಸಿಯು ಹಾಕಿಸಿದ್ದೀರಿ. ಟ್ಯೂನಿಂಗ್ ನಡೆದದ್ದು ಮಂಗಳೂರಿನಲ್ಲಿ. ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಬಂದಾಗ ಐಡ್ಲಿಂಗ್ (ಪೆಡಲ್ ಒತ್ತದಿದ್ದಾಗಿನ ಇಂಜಿನ್ ವೇಗ) ಕಡಿಮೆಯಾಗಿ ಗಾಡಿ ನಿಂತುಹೋಗುತ್ತಿತ್ತು. ಅಲ್ಲಿನ ಮೆಕ್ಯಾನಿಕ್ ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಕದ) ಸ್ಕ್ರೂ ತಿರುಗಿಸಿ ಏರಿಸಿಕೊಟ್ಟರು. ಈಗ ಇಂಜಿನ್ ಬಿಸಿಯಾದ ಮೇಲೆ ಆರ್‌ಪಿಎಂ 1,100ರಿಂದ 1,500ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ಏರುತ್ತದೆ. ಹೆಡ್‌ಲೈಟ್ ಹಾಕಿದರೆ ನಡುಕ ಬೇರೆ.

ಇಸಿಯು ಕೆಟ್ಟಿಲ್ಲ ಎಂದೇ ನನ್ನ ಅಂದಾಜು. ಚಿಕ್ಕಮಗಳೂರಿನಲ್ಲಿ ರ‍್ಯಾಲಿ ಗಾಡಿಗಳ ಕೆಲಸ ಮಾಡುತ್ತೇನೆ. ಕರಾವಳಿಯಲ್ಲಿ ಟ್ಯೂನ್ ಆಗಿ ಮೇಲೆ ಬಂದ ಗಾಡಿಗಳಲ್ಲಿ ಇದು ಹಳೆಯ ಕಾಯಿಲೆ. ಕೆಟ್ಟ ಇಸಿಯು ಅಡ್ಡಾದಿಡ್ಡಿ ವರ್ತಿಸುತ್ತದೆಯೇ ಹೊರತು ಹೀಗೆ ತಾಳ ಹಾಕಿದಂತೆ ಏರಿಳಿಯುವುದಿಲ್ಲ. ಅದು ತನಗೆ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿದೆ.

ಮೊದಲು ಘಾಟಿಯ ವಿಚಾರ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಹಾಸನ ಸಾವಿರ ಮೀಟರ್‌ಗೆ ತುಸು ಕಡಿಮೆ ಎತ್ತರದಲ್ಲಿದೆ, ಅಲ್ಲಿ 90ರ ಆಸುಪಾಸು. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ (ಥ್ರಾಟಲ್‌ನಿಂದ ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆ) ಒಳಗಿನ ಒತ್ತಡ ಹೊರಗಿನದರ ಅರ್ಧಕ್ಕಿಂತ ಕಡಿಮೆ ಇರುವುದರಿಂದ ಥ್ರಾಟಲ್ ಸಂದಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿರುತ್ತದೆ. ಆಗ ಒಳಗೆ ಎಷ್ಟು ಗಾಳಿ ನುಗ್ಗುತ್ತದೆ ಎಂಬುದು ಹೊರಗಿನ ಒತ್ತಡವನ್ನೇ ಅವಲಂಬಿಸುತ್ತದೆ. ಹೊರಗೆ ನೂರಕ್ಕೆ ಹತ್ತು ಕಡಿಮೆಯಾದರೆ ಅದೇ ಸಂದಿಯಲ್ಲಿ ಒಳಬರುವುದೂ ನೂರಕ್ಕೆ ಹತ್ತರಷ್ಟು ಕಡಿಮೆ. ಕಂಪನಿಯ ಇಸಿಯು ಐಡಲ್ ವಾಲ್ವ್ (ಥ್ರಾಟಲ್ ಮುಚ್ಚಿದ್ದಾಗ ಪಕ್ಕದಿಂದ ಗಾಳಿ ಬಿಡುವ ವಾಲ್ವ್) ಇನ್ನಷ್ಟು ತೆರೆದು ಇದನ್ನು ಸದ್ದಿಲ್ಲದೆ ತುಂಬಿಕೊಡುತ್ತಿತ್ತು. ಹೊಸದಕ್ಕೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಗಾಡಿ ನಿಂತುಹೋಗುತ್ತಿದ್ದುದು ಅದಕ್ಕೇ.

ಇನ್ನು ಸ್ಕ್ರೂ. ಕಾರ್ಬುರೇಟರ್ ಕಾಲದಲ್ಲಿ ಅದು ಸರಿಯಾದ ಮದ್ದು, ಮೆಕ್ಯಾನಿಕ್ ಅವರನ್ನು ದೂರಬೇಡಿ. ಇಲ್ಲಿ ಆದದ್ದೇನೆಂದರೆ, ಗಾಳಿ ಹೆಚ್ಚಾಯಿತು, ಆದರೆ ಥ್ರಾಟಲ್ ಸೆನ್ಸರ್ ತುಸುವೇ ಕದಲಿದ್ದರಿಂದ ಇಸಿಯು ಪಾಲಿಗೆ ಪೆಡಲ್ ಮೇಲೆ ಕಾಲೇ ಇಲ್ಲ. ಇಂಜಿನ್ ಬಿಸಿಯಾಗಿ 1,500 ದಾಟುತ್ತದೆ. ಕಾಲು ಪೆಡಲ್ ಮೇಲಿಲ್ಲ, ಆರ್‌ಪಿಎಂ ಮಾತ್ರ ಹೆಚ್ಚಿದೆ, ಹಾಗಾದರೆ ಗಾಡಿ ಇಳಿಜಾರಿನಲ್ಲಿದೆ ಎಂದು ಇಸಿಯು ತೀರ್ಮಾನಿಸಿ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ಆರ್‌ಪಿಎಂ 1,100ಕ್ಕೆ ಬೀಳುತ್ತದೆ, ಪೆಟ್ರೋಲ್ ವಾಪಸ್ ಬರುತ್ತದೆ, ಮತ್ತೆ ಏರುತ್ತದೆ. ನನ್ನ ಮಾತನ್ನು ನಂಬಬೇಕಾಗಿಲ್ಲ. ಐಡ್ಲಿಂಗ್‌ನಲ್ಲಿ ಒಂದು ನಿಮಿಷ ಲ್ಯಾಪ್‌ಟಾಪ್‌ನಲ್ಲಿ ಲಾಗ್ ಮಾಡಿ (ದಾಖಲಿಸಿ), ಆರ್‌ಪಿಎಂ ಗೆರೆಯ ಕೆಳಗೆ ಇಂಜೆಕ್ಟರ್ ಪಲ್ಸ್‌ನ (ಇಂಜೆಕ್ಟರ್‌ಗೆ ಪ್ರತಿ ಸಲ ಕರೆಂಟ್ ಕೊಡುವ ಅವಧಿಯ) ಗೆರೆಯನ್ನಿಟ್ಟು ನೋಡಿ. ಆರ್‌ಪಿಎಂ ತುದಿ ಮುಟ್ಟಿದಾಗಲೆಲ್ಲ ಪಲ್ಸ್ ಎರಡೂವರೆ ಮಿಲಿಸೆಕೆಂಡ್‌ನಿಂದ ನೆಟ್ಟಗೆ ಸೊನ್ನೆಗೆ ಬಿದ್ದು, ಆರ್‌ಪಿಎಂ ಇಳಿದಾಗ ಎದ್ದು ನಿಂತರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಪಲ್ಸ್ ಸೊನ್ನೆಗೆ ಬೀಳದಿದ್ದರೆ ಗಾಳಿ ಸೋರಿಕೆ ಹುಡುಕಿ. ಇಸಿಯು ಬದಲಿಸುವಾಗ ಕಿತ್ತ ವ್ಯಾಕ್ಯೂಮ್ ಪೈಪ್‌ಗಳು, ಮುಚ್ಚಳವಿಲ್ಲದೆ ಬಿಟ್ಟ ತೂತುಗಳು, ಬ್ರೇಕ್ ಬೂಸ್ಟರ್ ಪೈಪಿನ ಕ್ಲಿಪ್ ಇವು ಮೊದಲ ಆರೋಪಿಗಳು. ಪ್ಲೈಯರ್‌ಗೆ ಬಟ್ಟೆ ಸುತ್ತಿ ಪೈಪ್‌ಗಳನ್ನು ಒಂದೊಂದಾಗಿ ಅಮುಕಿ, ಶಬ್ದ ಬದಲಾದಲ್ಲಿ ನಿಲ್ಲಿ. ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಎರಚುವ ಸಾಹಸ ಬೇಡ, ಬೆಂಕಿ ಹತ್ತಿಕೊಳ್ಳುತ್ತದೆ.

ಸರಿಪಡಿಸುವಾಗ ಆತುರ ಬೇಡ. ಇಸಿಯುನಲ್ಲಿರುವ ಸ್ವಯಂಚಾಲಿತ ತಿದ್ದುಪಡಿಗಳನ್ನೆಲ್ಲ ಆಫ್ ಮಾಡಿ: ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವುದು) ತಿದ್ದುಪಡಿ, ಐಡಲ್ ವಾಲ್ವ್ ನಿಯಂತ್ರಣ, ಟೈಮಿಂಗ್‌ನ (ಕಿಡಿ ಬೀಳುವ ಹೊತ್ತಿನ) ಐಡಲ್ ತಿದ್ದುಪಡಿ, ಇಳಿಜಾರಿನ ಪೆಟ್ರೋಲ್ ಕಟ್. ಇಗ್ನಿಷನ್ ಅನ್ನು 10 ಡಿಗ್ರಿಗೆ (ಪಿಸ್ಟನ್ ಮೇಲ್ತುದಿ ಮುಟ್ಟುವ ಅಷ್ಟು ಮುಂಚೆ ಕಿಡಿ ಬೀಳುವಂತೆ) ಕಟ್ಟಿಹಾಕಿ, ಒಂದನೇ ಸಿಲಿಂಡರ್ ವೈರಿಗೆ ಟೈಮಿಂಗ್ ಲೈಟ್ ಸಿಕ್ಕಿಸಿ, ಕ್ರ್ಯಾಂಕ್ ಪುಲ್ಲಿಯ ಗುರುತು ನಿಜಕ್ಕೂ ಹತ್ತರಲ್ಲಿ ನಿಂತಿದೆಯೇ ನೋಡಿ. ಪರದೆಯ ಮೇಲೆ 10, ಪುಲ್ಲಿಯ ಮೇಲೆ 4 ಇದ್ದರೆ ಮುಂದಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಆಮೇಲೆ ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತನ್ನಿ, ಥ್ರಾಟಲ್ ಸೆನ್ಸರ್‌ಗೆ ಸೊನ್ನೆ ಯಾವುದು ಎಂದು ಮತ್ತೆ ಕಲಿಸಿ, ಬೇಕಾದ ಗಾಳಿಯನ್ನು ಐಡಲ್ ವಾಲ್ವ್‌ನಿಂದ ಕೊಡಿ. ನಿಮ್ಮ ವಾಲ್ವ್ ಸ್ಟೆಪ್ಪರ್ ಮೋಟರಿನದೋ ಪಲ್ಸ್‌ನಿಂದ ನಡೆಯುವ ಸೊಲೆನಾಯ್ಡ್‌ನದೋ ನೋಡಿಕೊಳ್ಳಿ. ಇಸಿಯು ಔಟ್‌ಪುಟ್ ಅದಕ್ಕೆ ಹೊಂದದಿದ್ದರೆ ವಾಲ್ವ್ ಸತ್ತಂತೆಯೇ.

ಯಾವ ಸಹಾಯವೂ ಇಲ್ಲದೆ ಇಂಜಿನ್ 900ರ ಆಸುಪಾಸಿನಲ್ಲಿ ನಿಂತರೆ ಮುಕ್ಕಾಲು ಕೆಲಸ ಮುಗಿಯಿತು. ಮಿಶ್ರಣ (ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಎಷ್ಟು ಪಾಲು ಗಾಳಿ ಎಂಬ ಲೆಕ್ಕ) 14.7ರ ಬದಲು 14ರ ಹತ್ತಿರ ಇಟ್ಟರೆ ಹೆಚ್ಚಿನ ಇಂಜಿನ್‌ಗಳು ಇನ್ನಷ್ಟು ನೆಮ್ಮದಿಯಾಗಿ ತಿರುಗುತ್ತವೆ. ಆದರೆ ಪೆಟ್ರೋಲ್ ಹೆಚ್ಚಾದಷ್ಟೂ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ, ಹೊಗೆ ತಪಾಸಣೆಯಲ್ಲಿ ಅದನ್ನು ಅಳೆಯುವುದೂ ಐಡ್ಲಿಂಗ್‌ನಲ್ಲೇ, ಅದು ನೆನಪಿರಲಿ.

ಹೆಡ್‌ಲೈಟ್ ನಡುಕದ ಕಾರಣ ಬೇರೆ. ಲೈಟ್ ಹಾಕಿದಾಗ ವೋಲ್ಟೇಜ್ ಇಳಿಯುತ್ತದೆ. ಕರೆಂಟ್ ಬಂದ ತಕ್ಷಣ ಇಂಜೆಕ್ಟರ್ ತೆರೆದುಕೊಳ್ಳುವುದಿಲ್ಲ, ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ತಡ, ವೋಲ್ಟೇಜ್ ಇಳಿದಷ್ಟೂ ಇನ್ನೂ ತಡ. ಎರಡೂವರೆ ಮಿಲಿಸೆಕೆಂಡ್‌ನ ಪಲ್ಸ್‌ನಲ್ಲಿ ನಿಜಕ್ಕೂ ತೆರೆದಿರುವುದು ಒಂದೂವರೆಯಷ್ಟೇ, ಅದರಲ್ಲಿ 0.2 ತಪ್ಪಿದರೂ ಪೆಟ್ರೋಲ್ ನೂರಕ್ಕೆ ಹತ್ತಕ್ಕೂ ಮಿಕ್ಕಿ ಏರುಪೇರಾಗುತ್ತದೆ. ನಿಮ್ಮ ಇಂಜೆಕ್ಟರ್‌ಗೆ ಹೊಂದುವ ವೋಲ್ಟೇಜ್ ಕೋಷ್ಟಕ ಇಸಿಯುನಲ್ಲಿದೆಯೇ ಎಂದು ಟ್ಯೂನರ್ ಬಳಿ ಕೇಳಿ. ಇಸಿಯುವಿನ ಅರ್ಥ್ ವೈರ್ ಬಾಡಿಗೆ ಹೋಗಿದ್ದರೆ ಅದನ್ನು ಇಂಜಿನ್ ಬ್ಲಾಕಿಗೆ ಬದಲಿಸಿ.

ಆಮೇಲೆ ಆಫ್ ಮಾಡಿದ್ದನ್ನು ಒಂದೊಂದಾಗಿ ವಾಪಸ್ ಕೊಡಿ. ಮೊದಲು ಟೈಮಿಂಗ್: 900ರಲ್ಲಿ 10 ಡಿಗ್ರಿ ಇದ್ದರೆ 750ರಲ್ಲಿ 15, 1,100ರಲ್ಲಿ 6 ಇರಲಿ. ಆರ್‌ಪಿಎಂ ಬಿದ್ದರೆ ಕಿಡಿ ಮುಂಚೆ ಬಿದ್ದು ಎತ್ತುತ್ತದೆ, ಏರಿದರೆ ತಡವಾಗಿ ಬಿದ್ದು ಹಿಡಿಯುತ್ತದೆ. ವಾಲ್ವ್‌ಗಿಂತ ಇದು ಬಹಳ ಚುರುಕು. ನಂತರ ವಾಲ್ವ್, ಆದರೆ ನಿಧಾನದ ಸೆಟ್ಟಿಂಗ್‌ನಲ್ಲಿ. ಪೆಟ್ರೋಲ್ ಕಟ್ 2,000ದ ಮೇಲೆ ಶುರುವಾಗಿ 1,500ಕ್ಕೆ ಮುಗಿಯಲಿ. ಆಕ್ಸಿಜನ್ ತಿದ್ದುಪಡಿ ಕೊನೆಗೆ, ಅದೂ ಐಡ್ಲಿಂಗ್‌ನಲ್ಲಿ ನೂರಕ್ಕೆ ಐದರ ಮಿತಿಯೊಳಗೆ.

ಟ್ಯೂನರ್ ಫೈಲಿಗೆ ಪಾಸ್‌ವರ್ಡ್ ಹಾಕಿ ಕೊಟ್ಟಿದ್ದರೆ ಇವು ಯಾವುವೂ ಆಗುವುದಿಲ್ಲ. ದುಡ್ಡು ಕೊಟ್ಟವರು ನೀವು. ದಾಕ್ಷಿಣ್ಯಪಡದೆ ಕೇಳಿ ಪಡೆಯಿರಿ. ಲಾಗ್ ಸಿಕ್ಕರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಆರ್‌ಪಿಎಂ, ಇಂಜೆಕ್ಟರ್ ಪಲ್ಸ್, ಥ್ರಾಟಲ್, ಮ್ಯಾನಿಫೋಲ್ಡ್ ಒತ್ತಡ, ಬ್ಯಾಟರಿ ವೋಲ್ಟೇಜ್ ಈ ಐದು ಇರಲಿ, ತಣ್ಣನೆಯ ಇಂಜಿನ್‌ನಿಂದ ಫ್ಯಾನ್ ತಿರುಗುವವರೆಗೆ.